ಬ್ಯಾಲಸ್ಟ್ ಕೇಳುವ ಕರೆಂಟು, ಕಂಪನಿ ವೈರಿಂಗ್ ಕೊಡುವ ಕರೆಂಟು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎಚ್‌ಐಡಿ ಕಿಟ್, ಅಂದರೆ ಹೆಡ್‌ಲೈಟಿಗೆ ಹಾಕುವ ಕ್ಸೆನಾನ್ ದೀಪದ ಜೋಡಣೆ, ಕೇಳಿದರೆ ಕೈಗೆ ಬರುವ ಡಬ್ಬಿಯೊಳಗೆ ಎರಡು ಬಲ್ಬು, ಅಂಗೈಯಗಲದ ಎರಡು ಅಲ್ಯೂಮಿನಿಯಂ ಪೆಟ್ಟಿಗೆ ಮತ್ತು ಒಂದು ಹಿಡಿ ವೈರು ಇರುತ್ತವೆ. ಆ ಪೆಟ್ಟಿಗೆಯೇ ಬ್ಯಾಲಸ್ಟ್. ಅದರ ವೈರಿನ ತುದಿಯ ಕಪ್ಲರ್, ಅಲ್ಲಿಯವರೆಗೆ ಹ್ಯಾಲೊಜೆನ್ ಬಲ್ಬಿಗೆ ಕೂತಿದ್ದ ಕಾರಿನ ಕಪ್ಲರಿಗೆ ಟಕ್ ಎಂದು ಕೂಡಿಕೊಳ್ಳುತ್ತದೆ, ದೀಪವೂ ಹತ್ತುತ್ತದೆ. ಅರ್ಧ ಗಂಟೆಯ ಕೆಲಸ ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ ಕಪ್ಲರ್ ಕೂಡಿಕೊಳ್ಳುವುದು ಪ್ಲಾಸ್ಟಿಕ್ಕಿನ ಆಕಾರಕ್ಕೆ ಸಂಬಂಧಿಸಿದ ವಿಷಯ. ಅದರೊಳಗೆ ಹರಿಯುವ ವಿದ್ಯುತ್ತಿನ ಬೇಡಿಕೆಗೂ ಪೂರೈಕೆಗೂ ತಾಳೆಯಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ದೀಪ ಮಿನುಗುವುದು, ಒಂದು ಕಡೆಯದು ಮಾತ್ರ ಹತ್ತುವುದು, ಫ್ಯೂಸ್ ಹೋಗುವುದು, ಆರು ತಿಂಗಳಲ್ಲಿ ಕಪ್ಲರ್ ಕರಗುವುದು ಮುಂತಾದ ದೂರುಗಳಲ್ಲಿ ಹೆಚ್ಚಿನವು ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟದ್ದರ ಫಲ.

ಹ್ಯಾಲೊಜೆನ್ ಬಲ್ಬು ಮೂಲತಃ ಕಾದು ಬೆಳಗುವ ಒಂದು ತಂತಿ. ಟಂಗ್‌ಸ್ಟನ್ ಸುರುಳಿಗೆ 12 ವೋಲ್ಟ್ ಕೊಟ್ಟರೆ ಅದು ಕೆಂಡವಾಗುತ್ತದೆ. ಪಾಸಿಟಿವ್ ಯಾವ ಕಡೆಯಿಂದ ಬಂದರೂ ಅದಕ್ಕೆ ಒಂದೇ. ವೋಲ್ಟೇಜ್ ತುಸು ಇಳಿದರೆ ತುಸು ಮಂಕಾಗುತ್ತದೆ. ಸೆಕೆಂಡಿಗೆ ನೂರು ಬಾರಿ ಆರಿಸಿ ಹೊತ್ತಿಸಿದರೂ ತನ್ನ ಕಾವಿನಿಂದಲೇ ನಡುವಿನ ಬಿಡುವನ್ನು ತುಂಬಿಕೊಂಡು ಒಂದೇ ಸಮನೆ ಉರಿಯುವಂತೆ ತೋರುತ್ತದೆ. ಇಷ್ಟು ಸಾಧು ಸ್ವಭಾವದ ಉಪಕರಣ ಕಾರಿನಲ್ಲಿ ಇನ್ನೊಂದಿಲ್ಲವೆನ್ನಬೇಕು. ವೈರಿನ ದಪ್ಪ, ಸ್ವಿಚ್ಚಿನ ಸಾಮರ್ಥ್ಯ, ಫ್ಯೂಸಿನ ಅಳತೆ ಎಲ್ಲವನ್ನೂ ಕಂಪನಿಯವರು ನಿಗದಿ ಮಾಡಿರುವುದು ಈ ಸಾಧುವನ್ನು ನಂಬಿಕೊಂಡು.

ಕ್ಸೆನಾನ್ ದೀಪದಲ್ಲಿ ಕಾಯುವ ತಂತಿಯೇ ಇಲ್ಲ. ಕಡಲೆಕಾಳಿನಷ್ಟು ದೊಡ್ಡದಾದ ಸ್ಫಟಿಕದ ಗುಳ್ಳೆಯೊಳಗೆ ಕ್ಸೆನಾನ್ ಅನಿಲ, ಲೋಹದ ಲವಣಗಳು ಮತ್ತು ಸುಮಾರು 4 ಮಿಲಿಮೀಟರ್ ಅಂತರದಲ್ಲಿ ಎದುರುಬದುರಾಗಿ ನಿಂತ ಎರಡು ಎಲೆಕ್ಟ್ರೋಡುಗಳಿರುತ್ತವೆ. ಆ ಅಂತರವನ್ನು ದಾಟಿ ಕಿಡಿ ಹಾರಬೇಕಾದರೆ 20,000 ವೋಲ್ಟಿಗೂ ಮಿಕ್ಕಿದ ಒಂದು ಹೊಡೆತ ಬೇಕು. ಕಿಡಿ ಹಾರಿ ಜ್ವಾಲೆ ನೆಲೆಗೊಂಡ ಮೇಲೆ ಡಿ2ಎಸ್ ಮಾದರಿಯ ದೀಪಕ್ಕೆ ಸುಮಾರು 85 ವೋಲ್ಟ್ ಸಾಕಾಗುತ್ತದೆ. ಆದರೆ ಅದು ಎಲೆಕ್ಟ್ರೋಡುಗಳೆರಡೂ ಸಮನಾಗಿ ಸವೆಯುವಂತೆ ಸೆಕೆಂಡಿಗೆ ಕೆಲವು ನೂರು ಬಾರಿ ದಿಕ್ಕು ಬದಲಿಸುವ ಎಸಿ ಆಗಿರಬೇಕು. ಬ್ಯಾಟರಿಯ 12 ವೋಲ್ಟ್ ಡಿಸಿಯನ್ನು ಹೀಗೆ ಮೊದಲು ಹೊಡೆತವಾಗಿ, ಆಮೇಲೆ ಹದವಾದ ಹರಿವಾಗಿ ಮಾರ್ಪಡಿಸುವುದೇ ಬ್ಯಾಲಸ್ಟಿನ ಕೆಲಸ. 1991ರಲ್ಲಿ ಬಿಎಂಡಬ್ಲ್ಯು 7 ಸರಣಿಯ ಕಾರಿನಲ್ಲಿ ಈ ದೀಪ ಮೊದಲು ಬಂದಾಗ, ಅದಕ್ಕೆ ಬೇಕಾದ ಬ್ಯಾಲಸ್ಟು, ವೈರಿಂಗು, ಲೆನ್ಸು ಎಲ್ಲವೂ ಒಟ್ಟಿಗೇ ವಿನ್ಯಾಸಗೊಂಡಿದ್ದವು. ಕಿಟ್ಟಿನಲ್ಲಿ ಅವುಗಳಲ್ಲಿ ಅರ್ಧ ಮಾತ್ರ ಬರುತ್ತದೆ. ಉಳಿದರ್ಧವನ್ನು ನಾವು ಒದಗಿಸಬೇಕು.

ಕತ್ತಲಾದ ಮೇಲೆ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ ಇಂಥ ದೀಪ ಹಾಕಿದರೆ, ಮೊದಲು ಕ್ಯಾಮೆರಾದ ಫ್ಲ್ಯಾಶಿನಂಥ ಬಿಳಿ ನೀಲಿ ಬೆಳಕೊಂದು ಚಿಮ್ಮಿ, ಕ್ಷಣ ಹೊತ್ತು ನೇರಳೆ ಛಾಯೆಗೆ ತಿರುಗಿ, ಆಮೇಲೆ ನಿಧಾನವಾಗಿ ಬಿಳಿಯಾಗಿ ನೆಲೆಗೊಳ್ಳುವುದು ಕಾಣುತ್ತದೆ. ಮೊದಲ ಕ್ಷಣದಲ್ಲಿ ಬೆಳಗುವುದು ಕ್ಸೆನಾನ್ ಒಂದೇ. ಲವಣಗಳು ಆವಿಯಾದ ಮೇಲೆ ಪೂರ್ಣ ಬೆಳಕು ಬರುತ್ತದೆ. ರಸ್ತೆಯಲ್ಲಿ ಹೋಗುವವನು ಅಷ್ಟು ಹೊತ್ತು ಕಾಯಲಾರನಾದ್ದರಿಂದ, ಹೊತ್ತಿದ 1 ಸೆಕೆಂಡಿನಲ್ಲಿ ಕಾಲು ಭಾಗದಷ್ಟು, 4 ಸೆಕೆಂಡಿನಲ್ಲಿ 80 ಶೇಕಡದಷ್ಟು ಬೆಳಕು ಬಂದಿರಬೇಕೆಂದು ಯುರೋಪಿನ ನಿಯಮ ಹೇಳುತ್ತದೆ. ಈ ಅವಸರಕ್ಕಾಗಿ 35 ವ್ಯಾಟಿನ ದೀಪಕ್ಕೆ ಬ್ಯಾಲಸ್ಟ್ ಮೊದಲ ಕೆಲವು ಸೆಕೆಂಡು 75 ವ್ಯಾಟಿನ ಆಸುಪಾಸು ಸುರಿಯುತ್ತದೆ. ತನ್ನೊಳಗಿನ ನಷ್ಟವನ್ನೂ ಸೇರಿಸಿ ಬ್ಯಾಟರಿಯಿಂದ ಎಳೆಯುವುದು ಆಗ 90 ವ್ಯಾಟಿಗೆ ಹತ್ತಿರ, ನೆಲೆಗೊಂಡ ಮೇಲೆ 41-42 ವ್ಯಾಟ್.

ತೊಡಕಿನ ಬೇರು ಇಲ್ಲಿದೆ. ನೆಲೆಗೊಂಡ ಸ್ಥಿತಿಯ ಲೆಕ್ಕ ಮಾತ್ರ ನೋಡಿದರೆ 42 ವ್ಯಾಟ್ ಎಂಬುದು ಹ್ಯಾಲೊಜೆನ್ನಿನ 55 ವ್ಯಾಟಿಗಿಂತ ಕಡಿಮೆಯೇ. ಹಾಗಾಗಿ ಹಳೆಯ ವೈರಿಗೆ ಹೊರೆ ಇಳಿಯಿತೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆದರೆ ಬ್ಯಾಲಸ್ಟ್ ಹಟಮಾರಿ. ಸಿಗುವ ವೋಲ್ಟೇಜ್ ಇಳಿದರೆ ಹ್ಯಾಲೊಜೆನ್ ಕಡಿಮೆ ಕರೆಂಟಿಗೆ ತೃಪ್ತಿಪಡುತ್ತದೆ. ಬ್ಯಾಲಸ್ಟ್ ಮಾತ್ರ ತನಗೆ ಬೇಕಾದ ವ್ಯಾಟ್ ಪೂರೈಸಿಕೊಳ್ಳಲು ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ. ಹೊತ್ತುವ ಸಮಯದ 90 ವ್ಯಾಟಿಗೆ 13.5 ವೋಲ್ಟಿನಲ್ಲಿ 6.7 ಆಂಪಿಯರ್ ಸಾಕು, 10 ವೋಲ್ಟಿನಲ್ಲಿ 9 ಆಂಪಿಯರ್ ಬೇಕು. ಹೆಚ್ಚು ಕರೆಂಟ್ ಹರಿದಷ್ಟೂ ಸಪೂರ ವೈರಿನಲ್ಲಿ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ, ಇಳಿದಷ್ಟೂ ಬ್ಯಾಲಸ್ಟ್ ಇನ್ನಷ್ಟು ಎಳೆಯುತ್ತದೆ. ಕೊನೆಗೆ ಸುಮಾರು 9 ವೋಲ್ಟಿಗಿಂತ ಕೆಳಗೆ ಬಂದಾಗ ತನ್ನನ್ನು ತಾನು ಕಾಪಾಡಿಕೊಳ್ಳಲು ಅದು ಬಂದಾಗುತ್ತದೆ, ಎಳೆತ ನಿಂತೊಡನೆ ವೋಲ್ಟೇಜ್ ಮೇಲೇರುತ್ತದೆ, ಮತ್ತೆ ಹೊತ್ತಲು ಯತ್ನಿಸುತ್ತದೆ. ಹೊರಗಿನಿಂದ ನೋಡುವವರಿಗೆ ಇದು ದೀಪದ ಮಿನುಗಾಟ. ಹ್ಯಾಲೊಜೆನ್ನಿಗೂ ಹೊತ್ತುವ ಕ್ಷಣದಲ್ಲಿ ಭಾರೀ ಕರೆಂಟ್ ಬೇಕಾಗುವುದು ನಿಜ, ಆದರೆ ಅದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿದುಹೋಗುತ್ತದೆ. ಬ್ಯಾಲಸ್ಟಿನದು ಸೆಕೆಂಡುಗಟ್ಟಲೆ ನಡೆಯುತ್ತದೆ.

ವೈರಿನ ಲೆಕ್ಕವನ್ನೂ ನೋಡಬಹುದು. 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ವೈರು ಮೀಟರಿಗೆ ಸುಮಾರು 0.017 ಓಮ್ ತಡೆಯೊಡ್ಡುತ್ತದೆ. ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟು ಬ್ಯಾಟರಿಯಿಂದ ಫ್ಯೂಸ್ ಪೆಟ್ಟಿಗೆಗೆ, ಅಲ್ಲಿಂದ ಸ್ಟೀರಿಂಗಿನ ಪಕ್ಕದ ಸ್ವಿಚ್ಚಿಗೆ, ಮತ್ತೆ ಬಾನೆಟ್ಟಿನ ಕೆಳಗಿನ ದೀಪಕ್ಕೆ ಸುತ್ತಿ ಬರುವುದರಿಂದ 6 ಮೀಟರ್ ಹಾದಿ ಹೆಚ್ಚೇನಲ್ಲ, ಅಂದರೆ 0.1 ಓಮ್. ಒಂದು ಹ್ಯಾಲೊಜೆನ್ನಿನ 4 ಆಂಪಿಯರಿಗೆ ಇದರಲ್ಲಿ ಕಳೆದುಹೋಗುವುದು 0.4 ವೋಲ್ಟ್. ಬ್ಯಾಲಸ್ಟಿನ 9 ಆಂಪಿಯರಿಗೆ 0.9 ವೋಲ್ಟ್. ಎರಡೂ ದೀಪಗಳಿಗೆ ಸಾಮಾನ್ಯವಾದ ವೈರಿನ ಭಾಗದಲ್ಲಿ ಈ ನಷ್ಟ ಇಮ್ಮಡಿಯಾಗುತ್ತದೆ. ಇದು ಹೊಸ ವೈರಿನ ಮಾತು. ಹತ್ತು ವರ್ಷದ ಕಾರಿನಲ್ಲಿ ಸ್ವಿಚ್ಚಿನ ಕರಕಲಾದ ಕಾಂಟ್ಯಾಕ್ಟು, ಹಸಿರುಗಟ್ಟಿದ ಪಿನ್ನು, ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟು ಇವೆಲ್ಲ ತಮ್ಮ ತಮ್ಮ ಪಾಲನ್ನು ಕಿತ್ತುಕೊಳ್ಳುತ್ತವೆ.

ಪರಿಚಿತರೊಬ್ಬರ ಕಾರಿನಿಂದ ನಾನೊಮ್ಮೆ ಕಳಚಿದ ಎಚ್4 (ಡಿಮ್ ಮತ್ತು ಹೈ ಬೀಮ್ ಎರಡೂ ಒಂದೇ ಬಲ್ಬಿನಲ್ಲಿರುವ ಮಾದರಿ) ಕಪ್ಲರ್ ಇನ್ನೂ ನನ್ನ ಡ್ರಾಯರಿನಲ್ಲಿದೆ. ಮೂರು ಪಿನ್ನುಗಳಲ್ಲಿ ಡಿಮ್ ಪಿನ್ನಿನ ಸುತ್ತಲಿನ ಬಿಳಿ ಪ್ಲಾಸ್ಟಿಕ್ಕು ಮಾತ್ರ ಬೆಲ್ಲದ ಬಣ್ಣಕ್ಕೆ ತಿರುಗಿ ಒಂದು ಕಡೆ ಇಳಿಬಿದ್ದಿದೆ. ಒಳಗಿನ ಹಿತ್ತಾಳೆಯ ಹಿಡಿ ಸಡಿಲಾಗಿ ಬೆರಳಲ್ಲಿ ಅಲ್ಲಾಡುತ್ತದೆ. ಆ ಪಿನ್ನಿಗೆ ಬರುವ ವೈರಿನ ಹೊದಿಕೆ ಎರಡು ಅಂಗುಲದಷ್ಟು ದೂರ ಗಟ್ಟಿಯಾಗಿ, ಬಗ್ಗಿಸಿದರೆ ಹುರಿದ ಹಪ್ಪಳದಂತೆ ಬಿರಿಯುತ್ತದೆ. ಫ್ಯೂಸ್ ಹೋಗಿರಲಿಲ್ಲ. ಹೋಗಬೇಕಾದ ಕಾರಣವೂ ಇರಲಿಲ್ಲ, ಏಕೆಂದರೆ ಒಟ್ಟು ಕರೆಂಟು ಫ್ಯೂಸಿನ ಮಿತಿಯೊಳಗೇ ಇತ್ತು. ಶಾಖವೆಲ್ಲ ಹುಟ್ಟಿದ್ದು ಸಡಿಲವಾದ ಆ ಒಂದು ಜಾಗದಲ್ಲಿ. ಲೂಸ್ ಕಾಂಟ್ಯಾಕ್ಟನ್ನು ಫ್ಯೂಸ್ ಹಿಡಿಯುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಇದಕ್ಕೆ ದಾರಿ ಒಂದೇ. ಕಂಪನಿಯ ವೈರು ಅಪ್ಪಣೆಯನ್ನಷ್ಟೇ ಕೊಡಲಿ, ಅನ್ನ ನೇರವಾಗಿ ಬ್ಯಾಟರಿಯಿಂದ ಬರಲಿ. ಈ ಏರ್ಪಾಟನ್ನು ಮಾಡಿಕೊಡುವುದು ರಿಲೇ, ಅಂದರೆ ಸಣ್ಣ ಕರೆಂಟಿನ ಅಪ್ಪಣೆಯಿಂದ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್ಚು. ಅದರ ಕೆಳಗಿರುವ 30, 85, 86, 87 ಎಂಬ ಸಂಖ್ಯೆಗಳು ಜರ್ಮನಿಯ ಡಿಐಎನ್ 72552 ಮಾನದಂಡದಿಂದ ಬಂದವು. 85 ಮತ್ತು 86ರ ನಡುವೆ ಸಣ್ಣ ಕಾಯಿಲ್. ಅದಕ್ಕೆ ಹಳೆಯ ಹೆಡ್‌ಲೈಟ್ ಕಪ್ಲರಿನಿಂದ ವೈರು ಎಳೆಯಬೇಕು. ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸ್ ಮೂಲಕ 30ಕ್ಕೆ ದಪ್ಪ ವೈರು, 87ರಿಂದ ಬ್ಯಾಲಸ್ಟಿಗೆ ಅಷ್ಟೇ ದಪ್ಪದ ವೈರು. ಕಾಯಿಲಿನ ತಡೆ ಸುಮಾರು 80 ಓಮ್ ಇರುವುದರಿಂದ ಹಳೆಯ ವೈರಿನಲ್ಲೂ ಸ್ವಿಚ್ಚಿನಲ್ಲೂ ಇನ್ನು ಮುಂದೆ ಹರಿಯುವುದು 0.2 ಆಂಪಿಯರಿಗಿಂತಲೂ ಕಡಿಮೆ. ಸ್ಟಾರ್ಟ್ ಮಾಡುವಾಗ ಹೆಡ್‌ಲೈಟನ್ನು ತಾತ್ಕಾಲಿಕವಾಗಿ ಕಡಿದುಹಾಕುವ ಕಂಪನಿಯ ಏರ್ಪಾಟು ಇದ್ದರೆ, ಅಪ್ಪಣೆ ಹಳೆಯ ವೈರಿನದೇ ಆದ್ದರಿಂದ, ಅದೂ ಹಾಗೆಯೇ ಉಳಿಯುತ್ತದೆ.

ದಪ್ಪ ವೈರು ಎಂದರೆ 2.5 ಚದರ ಮಿಲಿಮೀಟರ್, ತಾಮ್ರದ್ದು. ತಾಮ್ರದ ತೆಳು ಹೊದಿಕೆಯ ಅಲ್ಯೂಮಿನಿಯಂ ಎಳೆಗಳ ವೈರು ಮಾರುಕಟ್ಟೆಯಲ್ಲಿ ಧಾರಾಳವಾಗಿದೆ. ತುದಿಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಿ ಬಣ್ಣ ಕಂಡುಬಿಡುತ್ತದೆ. ಎರಡು ಬ್ಯಾಲಸ್ಟಿಗೂ ಸೇರಿ 30 ಆಂಪಿಯರಿನ ಒಂದೇ ಫ್ಯೂಸ್ ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಒಂದೊಂದಕ್ಕೆ 15 ಆಂಪಿಯರಿನಂತೆ ಬೇರೆ ಬೇರೆ ಹಾಕಿದರೆ, ಒಂದು ಕಡೆ ಶಾರ್ಟ್ ಆದಾಗ ಹೆದ್ದಾರಿಯ ನಡುವೆ ಎರಡೂ ದೀಪ ಒಟ್ಟಿಗೆ ಆರುವ ಅಪಾಯ ತಪ್ಪುತ್ತದೆ. ಫ್ಯೂಸ್ ಬ್ಯಾಟರಿಯ ಟರ್ಮಿನಲಿನಿಂದ ಗೇಣು ದೂರದೊಳಗೆ ಇರಬೇಕು, ಏಕೆಂದರೆ ಅದಕ್ಕಿಂತ ಮೊದಲಿನ ವೈರು ಕಾರಿನ ಬಾಡಿಯ ಲೋಹಕ್ಕೆ ತಗುಲಿದರೆ ತಡೆಯುವವರು ಯಾರೂ ಇಲ್ಲ. ಅರ್ಥಿಂಗಿಗೂ ಅಷ್ಟೇ ದಪ್ಪದ ವೈರು ಬೇಕು. ಬಣ್ಣ ಕೆರೆದು, ಲಗ್ ಹಾಕಿ, ಬೋಲ್ಟಿನಿಂದ ಬಿಗಿದು, ಮೇಲೆ ಗ್ರೀಸ್ ಸವರಬೇಕು. ಮಂಗಳೂರು, ಉಡುಪಿಯ ಕಡಲ ಗಾಳಿಗೆ ಓಡಾಡುವ ಕಾರಾದರೆ ಬಾಡಿಯನ್ನು ನಂಬದೆ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೇ ತರುವುದು ಲೇಸು.

ಇನ್ನು ಪಾಸಿಟಿವ್ ಮತ್ತು ನೆಗೆಟಿವ್‌ನ ಗೊಂದಲ. ಬ್ಯಾಲಸ್ಟಿಗೆ ದಿಕ್ಕು ಮುಖ್ಯ. ತಿರುಗಿಸಿ ಕೊಟ್ಟರೆ ಹತ್ತುವುದಿಲ್ಲ, ಕೆಲವು ಸುಟ್ಟೂ ಹೋಗುತ್ತವೆ. ಎಚ್7, ಎಚ್11ರಂಥ ಎರಡು ಪಿನ್ನಿನ ಕಪ್ಲರುಗಳಲ್ಲಿ ಯಾವುದು ಪಾಸಿಟಿವ್ ಎಂಬುದು ಕಾರಿನಿಂದ ಕಾರಿಗೆ ಬದಲಾಗುವುದರಿಂದ ವೈರಿನ ಬಣ್ಣ ನೋಡಿ ಊಹಿಸದೆ ಮಲ್ಟಿಮೀಟರ್ ಹಿಡಿಯಬೇಕು. ಎಚ್4ರಲ್ಲಿ ಇನ್ನೊಂದು ಸುತ್ತು ಹೆಚ್ಚು. ಸಾಮಾನ್ಯವಾಗಿ ಮೂರರಲ್ಲಿ ಒಂದು ಪಿನ್ನು ಅರ್ಥ್, ಉಳಿದೆರಡಕ್ಕೆ ಡಿಮ್ ಮತ್ತು ಹೈ ಬೀಮಿನ ಪಾಸಿಟಿವ್ ಬರುತ್ತದೆ. ಆದರೆ ಟೊಯೊಟಾ ಮೊದಲಾದ ಹಲವು ಜಪಾನಿ ಕಾರುಗಳಲ್ಲಿ, ಮುಖ್ಯವಾಗಿ ಹಳೆಯವುಗಳಲ್ಲಿ, ಇದು ತಲೆಕೆಳಗು: ಎರಡೂ ಬೀಮಿಗೆ ಸಾಮಾನ್ಯವಾದ ಪಿನ್ನಿಗೆ ಪಾಸಿಟಿವ್ ಬಂದಿರುತ್ತದೆ, ಸ್ವಿಚ್ಚು ಡಿಮ್ಮನ್ನೋ ಹೈ ಬೀಮನ್ನೋ ಅರ್ಥಿಗೆ ಜೋಡಿಸುತ್ತದೆ. ಬಲ್ಬಿಗೆ ಇದರ ಪರಿವೆಯಿಲ್ಲ. ಮೊದಲ ಬಗೆಯ ಕಾರಿಗೆಂದು ಮಾಡಿದ ಕಿಟ್ಟನ್ನು ಇದಕ್ಕೆ ಹಾಕಿದಾಗ ಮಾತ್ರ ದೀಪ ಹತ್ತದೆ ಹೋಗುತ್ತದೆ, ಎಲೆಕ್ಟ್ರಿಷಿಯನ್ ಬ್ಯಾಲಸ್ಟ್ ಕೆಟ್ಟಿದೆ ಎನ್ನುತ್ತಾನೆ. ರಿಲೇಯ ಸೊಗಸು ಇಲ್ಲಿ ಕಾಣುತ್ತದೆ. ಕಾಯಿಲಿನ ಒಂದು ತುದಿಯನ್ನು ಸಾಮಾನ್ಯ ಪಿನ್ನಿಗೂ ಇನ್ನೊಂದನ್ನು ಡಿಮ್ ಪಿನ್ನಿಗೂ ಕೊಟ್ಟರೆ, ಕರೆಂಟು ಯಾವ ಕಡೆಯಿಂದ ಹರಿದರೂ ಅದು ಎಳೆದುಕೊಳ್ಳುತ್ತದೆ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇಗಳಿಗೆ ಮಾತ್ರ ಈ ಉದಾರತೆ ಇಲ್ಲ.

ಎಚ್4ರಲ್ಲಿ ಡಿಮ್ಮಿಂದ ಹೈ ಬೀಮಿಗೆ ಹೋದಾಗ ಡಿಮ್ ಆರಿಹೋಗುತ್ತದೆ. ಒಂದೇ ಕ್ಸೆನಾನ್ ಗುಳ್ಳೆಯನ್ನು ಸೊಲೆನಾಯ್ಡ್ ಎಂಬ ವಿದ್ಯುತ್ ಅಯಸ್ಕಾಂತದಿಂದ ಹಿಂದೆ ಮುಂದೆ ಸರಿಸಿ ಎರಡೂ ಬೀಮ್ ಕೊಡುವ ಬೈ-ಕ್ಸೆನಾನ್ ಬಲ್ಬಿಗೆ ಇದು ಹೊಂದುವುದಿಲ್ಲ, ಏಕೆಂದರೆ ಪ್ರತಿ ಬಾರಿ ಬೀಮ್ ಬದಲಿಸಿದಾಗಲೂ ಜ್ವಾಲೆ ಆರಿ, ಬಿಸಿ ಗುಳ್ಳೆಯಲ್ಲಿ ಮತ್ತೆ ಕಿಡಿ ಹಾರಿಸಬೇಕಾಗುತ್ತದೆ. ಆದ್ದರಿಂದ ಡಿಮ್ ಮತ್ತು ಹೈ ಬೀಮ್ ಎರಡರಿಂದಲೂ ಒಂದೊಂದು ಡಯೋಡ್ ಮೂಲಕ ಬ್ಯಾಲಸ್ಟಿನ ರಿಲೇಗೆ ಅಪ್ಪಣೆ ಹೋಗಬೇಕು, ಸೊಲೆನಾಯ್ಡಿಗೆ ಹೈ ಬೀಮಿನಿಂದ ಮಾತ್ರ. ಅರ್ಥ್ ಕಡೆಯಿಂದ ಸ್ವಿಚ್ ಆಗುವ ಕಾರಿನಲ್ಲಿ ಈ ಡಯೋಡುಗಳ ದಿಕ್ಕನ್ನೂ ತಿರುಗಿಸಬೇಕಾಗುತ್ತದೆ. ಅಂಥ ಕೆಲವು ಕಾರುಗಳಲ್ಲಿ ಮೀಟರ್ ಫಲಕದ ನೀಲಿ ಹೈ ಬೀಮ್ ಸೂಚಕವೂ ಹ್ಯಾಲೊಜೆನ್ ಬಲ್ಬಿನ ತಂತಿಯ ಮೂಲಕವೇ ಕರೆಂಟ್ ಪಡೆಯುವುದರಿಂದ, ಬಲ್ಬ್ ತೆಗೆದ ಮೇಲೆ ಸೂಚಕ ಹತ್ತುವುದಿಲ್ಲ. ಎದುರಿನವರಿಗೆ ಕಣ್ಣು ಕುಕ್ಕುತ್ತಿದ್ದರೂ ಓಡಿಸುವವರಿಗೆ ತಿಳಿಯದೆ ಹೋಗುವುದು ಹೀಗೆ.

ಈಚಿನ ಕಾರುಗಳ ಕಥೆ ಬೇರೆ. ಅವುಗಳಲ್ಲಿ ಹೆಡ್‌ಲೈಟನ್ನು ಹೊತ್ತಿಸುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಕಂಪ್ಯೂಟರು. ಬಲ್ಬಿನ ಆಯುಸ್ಸು ಉಳಿಸಲು ಅದು ವೋಲ್ಟೇಜನ್ನು ಸೆಕೆಂಡಿಗೆ ನೂರರ ಆಸುಪಾಸು ಬಾರಿ ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಇದಕ್ಕೆ ಪಿಡಬ್ಲ್ಯುಎಂ ಎನ್ನುತ್ತಾರೆ. ಸಾಧು ಹ್ಯಾಲೊಜೆನ್ನಿಗೆ ಇದು ಗೊತ್ತೇ ಆಗುವುದಿಲ್ಲ, ಬ್ಯಾಲಸ್ಟಿಗೆ ಮಾತ್ರ ಪ್ರತಿ ಬಿಡುವೂ ಕರೆಂಟ್ ಹೋದಂತೆ ತೋರುತ್ತದೆ. ರಿಲೇ ಹಾಕಿದರೂ ಅದರ ಕಾಯಿಲು ಜೀರುಂಡೆಯಂತೆ ಗುಯ್‌ಗುಡಬಹುದು. ಕಾಯಿಲಿಗೆ ಅಡ್ಡಲಾಗಿ 1000 ಮೈಕ್ರೋಫ್ಯಾರಡಿನ, 35 ವೋಲ್ಟ್ ತಾಳುವ ಒಂದು ಕೆಪಾಸಿಟರ್ (ವಿದ್ಯುತ್ತನ್ನು ಕ್ಷಣಕಾಲ ತುಂಬಿಟ್ಟುಕೊಳ್ಳುವ ಬಿಡಿಭಾಗ), ಅದಕ್ಕೆ ಮುಂಚೆ ಸಾಲಿನಲ್ಲಿ ಒಂದು ಡಯೋಡ್ ಮತ್ತು 10 ಓಮಿನ ರೆಸಿಸ್ಟರ್ ಹಾಕಿದರೆ ಸಾಕು. 80 ಓಮಿನ ಕಾಯಿಲು ಮತ್ತು ಈ ಕೆಪಾಸಿಟರ್ ಸೇರಿ ಸುಮಾರು 80 ಮಿಲಿಸೆಕೆಂಡಿನ ನೆನಪನ್ನು ಕೊಡುತ್ತವೆ. ಕತ್ತರಿಸುವ ಒಂದೊಂದು ಸುತ್ತು 10 ಮಿಲಿಸೆಕೆಂಡಿನದು, ಆದ್ದರಿಂದ ನಡುವಿನ ಬಿಡುವು ರಿಲೇಗೆ ತಟ್ಟುವುದಿಲ್ಲ. ಆ 10 ಓಮ್ ಇರದಿದ್ದರೆ ಖಾಲಿ ಕೆಪಾಸಿಟರ್ ತುಂಬುವ ಮೊದಲ ಕ್ಷಣವನ್ನು ಕಂಪ್ಯೂಟರು ಶಾರ್ಟ್ ಸರ್ಕ್ಯೂಟ್ ಎಂದು ತಿಳಿದು ಆ ಸಾಲನ್ನೇ ಮುಚ್ಚಿಬಿಡುವ ಸಂಭವವಿದೆ.

ಕಂಪ್ಯೂಟರಿನ ಇನ್ನೊಂದು ಕೆಲಸ ಬಲ್ಬು ಸುಟ್ಟಿದೆಯೇ ಎಂದು ಕರೆಂಟು ಅಳೆದು ನೋಡುವುದು. 4 ಆಂಪಿಯರ್ ನಿರೀಕ್ಷಿಸುತ್ತಿದ್ದ ಜಾಗದಲ್ಲಿ ಕಾಯಿಲಿನ 0.2 ಆಂಪಿಯರ್ ಕಂಡರೆ ಅದು ಎಚ್ಚರಿಕೆಯ ದೀಪ ಹೊತ್ತಿಸುತ್ತದೆ. ಮಾರುಕಟ್ಟೆಯಲ್ಲಿ ಡಿಕೋಡರ್ ಎಂಬ ಹೆಸರಿನಲ್ಲಿ ಸಿಗುವ ವಸ್ತುಗಳಲ್ಲಿ ಹೆಚ್ಚಿನವು ಈ ಕಂಪ್ಯೂಟರನ್ನು ಯಾಮಾರಿಸಲು ಹಾಕಿದ ರೆಸಿಸ್ಟರು ಮತ್ತು ಕೆಪಾಸಿಟರುಗಳಷ್ಟೇ. 6 ಓಮಿನ ರೆಸಿಸ್ಟರು 13.5 ವೋಲ್ಟಿನಲ್ಲಿ 30 ವ್ಯಾಟ್ ಶಾಖ ಉಗುಳುತ್ತದೆ, ಅಂದರೆ ಸಣ್ಣದೊಂದು ಬೆಸುಗೆ ಕಡ್ಡಿಯಷ್ಟು. ಅದನ್ನು ಪ್ಲಾಸ್ಟಿಕ್ ಬಂಪರಿಗೆ ಅಂಟಿಸಿರುವುದನ್ನು ನೋಡಿದ್ದೇನೆ; ಲೋಹಕ್ಕೆ ಸ್ಕ್ರೂ ಹಾಕಿ ಬಿಗಿಯದೆ ಬೇರೆ ದಾರಿಯಿಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಗುಂಪಿನ ಅನೇಕ ಕಾರುಗಳಲ್ಲಿ ಡಯಾಗ್ನೋಸ್ಟಿಕ್ ಉಪಕರಣ ಜೋಡಿಸಿ, ಇಲ್ಲಿರುವುದು ಹ್ಯಾಲೊಜೆನ್ ಅಲ್ಲ ಎಂದು ಕಂಪ್ಯೂಟರಿಗೇ ತಿಳಿಸಿಬಿಡಬಹುದು. ಸಾಧ್ಯವಿದ್ದಲ್ಲಿ ಇದೇ ಶುದ್ಧವಾದ ಮಾರ್ಗ.

ಕಾರಿಗೆ ಕಂಪನಿಯಿಂದಲೇ ಕ್ಸೆನಾನ್ ಬಂದಿದ್ದು, ಬ್ಯಾಲಸ್ಟ್ ಮಾತ್ರ ಕೆಟ್ಟು ಬೇರೆ ತಯಾರಿಕೆಯದನ್ನು ಹಾಕುವ ಸಂದರ್ಭದಲ್ಲಿ ಮೇಲಿನ ವೈರಿಂಗ್ ಕಸರತ್ತು ಬೇಡ. ಅಲ್ಲಿ ಗಮನಿಸಬೇಕಾದದ್ದು ದೀಪದ ಜಾತಿ. ಡಿ1ಎಸ್ ಮತ್ತು ಡಿ2ಎಸ್ ದೀಪಗಳು 85 ವೋಲ್ಟಿನವು. ಪಾದರಸವಿಲ್ಲದ ಡಿ3ಎಸ್ ಮತ್ತು ಡಿ4ಎಸ್ 42 ವೋಲ್ಟಿನವು. ವ್ಯಾಟ್ ಎರಡಕ್ಕೂ 35 ಆದ್ದರಿಂದ ಎರಡನೆಯ ಗುಂಪಿಗೆ ಕರೆಂಟು ಇಮ್ಮಡಿ ಬೇಕು. ಒಂದರ ಬ್ಯಾಲಸ್ಟ್ ಇನ್ನೊಂದಕ್ಕೆ ಸಲ್ಲದು. ಡಿ1 ಮತ್ತು ಡಿ3ರಲ್ಲಿ ಕಿಡಿ ಹಾರಿಸುವ ಇಗ್ನೈಟರ್ ಬಲ್ಬಿನ ಬುಡದಲ್ಲೇ ಇರುತ್ತದೆ, ಡಿ2 ಮತ್ತು ಡಿ4ರಲ್ಲಿ ಹೊರಗಿರುತ್ತದೆ. ಕೆಲವು ಬ್ಯಾಲಸ್ಟುಗಳಿಗೆ ಪಾಸಿಟಿವ್ ಮತ್ತು ಅರ್ಥ್ ಬಿಟ್ಟು ಮೂರನೆಯ ವೈರೊಂದು ಬಂದಿರುತ್ತದೆ. ಅದು ದೀಪದ ಕ್ಷೇಮ ಸಮಾಚಾರವನ್ನು ಕಾರಿನ ಕಂಪ್ಯೂಟರಿಗೆ ಮುಟ್ಟಿಸುವ ಸಾಲು. ಆ ವೈರಿಲ್ಲದ ಬ್ಯಾಲಸ್ಟ್ ಹಾಕಿದರೆ ದೀಪ ಹತ್ತಿದರೂ ದೋಷದ ಸಂದೇಶ ಮಾಯವಾಗುವುದಿಲ್ಲ.

ಬ್ಯಾಲಸ್ಟ್ ಇಡುವ ಜಾಗದ ಬಗ್ಗೆ ಎರಡು ಮಾತು. ಎಂಜಿನ್ನಿನ ಶಾಖಕ್ಕೂ ಚಕ್ರ ಎರಚುವ ನೀರಿಗೂ ದೂರವಾಗಿ, ವೈರು ಹೊರಡುವ ಬಾಯಿ ಕೆಳಮುಖವಾಗಿರುವಂತೆ ಬಿಗಿಯಬೇಕು. ವೈರು ಸಾಲದಿದ್ದರೆ 12 ವೋಲ್ಟಿನ ಕಡೆ ಉದ್ದ ಮಾಡಬಹುದು. ಇಗ್ನೈಟರಿನಿಂದ ಬಲ್ಬಿಗೆ ಹೋಗುವ ವೈರನ್ನು ಕತ್ತರಿಸಿ ಜೋಡಿಸುವುದು ಎಂದಿಗೂ ಸಲ್ಲದು, ಅಲ್ಲಿ ಹಾಯುವುದು 20,000 ವೋಲ್ಟಿನ ಹೊಡೆತ. ಆ ವೈರನ್ನು ಬೇರೆ ವೈರುಗಳ ಜೊತೆ ಕಟ್ಟಲೂ ಬಾರದು. ಕಟ್ಟಿದ್ದರೆ ರೇಡಿಯೊ ಹೇಳುತ್ತದೆ: ಮೀಡಿಯಂ ವೇವಿನಲ್ಲಿ 612 ಕಿಲೋಹರ್ಟ್ಸಿನ ಬೆಂಗಳೂರು ಆಕಾಶವಾಣಿಯನ್ನು ಹಾಕಿಕೊಂಡು ದೀಪ ಹೊತ್ತಿಸಿದಾಗ ಗೊರಗೊರ ಸದ್ದು ಬಂದರೆ ವೈರಿನ ಹಾದಿಯೋ ಅರ್ಥಿಂಗೋ ಸರಿಯಿಲ್ಲ.

ಇಷ್ಟೆಲ್ಲ ಸರಿಯಾದರೂ ಉಳಿಯುವ ಒಂದು ಕೊರತೆಯನ್ನು ಯಾವ ರಿಲೇಯೂ ತುಂಬಲಾರದು. ಎಚ್4 ಬಲ್ಬಿನ ಡಿಮ್ ತಂತಿ ಸುಮಾರು 1,000 ಲ್ಯೂಮೆನ್ ಬೆಳಕು ಕೊಡುತ್ತದೆ. ಅದರ ಕೆಳಗಿರುವ ಪುಟ್ಟ ಲೋಹದ ಬಟ್ಟಲು, ಪ್ರತಿಫಲಕದ ಕೆಳಭಾಗಕ್ಕೆ ಬಿದ್ದು ಮೇಲಕ್ಕೆ ಹೋಗಬಹುದಾದ ಬೆಳಕನ್ನು ತಡೆಯುತ್ತದೆ. ಡಿ2ಎಸ್ ದೀಪದ ಬೆಳಕು 3,200 ಲ್ಯೂಮೆನ್. ಇದಕ್ಕೆ ಸಮೀಪದ ಬೆಳಕನ್ನು ತಂತಿಗೆಂದು ಕಡೆದ ಪ್ರತಿಫಲಕದೊಳಗೆ ತುರುಕಿದರೆ ಹೆಚ್ಚಿನದು ರಸ್ತೆಗಿಂತ ಎದುರಿನವರ ಕಣ್ಣಿಗೆ ಹೋಗುತ್ತದೆ. 2,000 ಲ್ಯೂಮೆನ್ ಮೀರಿದ ದೀಪಗಳಿಗೆ ಯುರೋಪಿನ ನಿಯಮ ತಾನಾಗಿ ಮಟ್ಟ ಸರಿಪಡಿಸಿಕೊಳ್ಳುವ ವ್ಯವಸ್ಥೆಯನ್ನೂ ಗಾಜು ತೊಳೆಯುವ ವ್ಯವಸ್ಥೆಯನ್ನೂ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹ್ಯಾಲೊಜೆನ್ ಪ್ರತಿಫಲಕಕ್ಕೆ ಎಚ್‌ಐಡಿ ಬಲ್ಬು ಹಾಕುವುದು ಅಮೆರಿಕದಲ್ಲಿಯೂ ನಿಯಮಕ್ಕೆ ಹೊರತು, ಬ್ರಿಟನ್ನಿನಲ್ಲಿ ವಾರ್ಷಿಕ ತಪಾಸಣೆಯಲ್ಲಿ ಅನುತ್ತೀರ್ಣ.

ಹಾಗಾಗಿ ಕೇಳಿದವರಿಗೆ ನಾನು ಹೇಳುವ ಕ್ರಮ ತುಸು ಹಿಂದುಮುಂದಾಗಿದೆ: ಮೊದಲು ರಿಲೇ ಮತ್ತು ದಪ್ಪ ವೈರು ಹಾಕಿಸಿ, ಹಳೆಯ 60/55 ವ್ಯಾಟಿನ ಹ್ಯಾಲೊಜೆನ್ ಬಲ್ಬನ್ನೇ ಉರಿಸಿ ನೋಡಬೇಕು. ಹ್ಯಾಲೊಜೆನ್ನಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ವೋಲ್ಟೇಜ್ 5 ಶೇಕಡ ಇಳಿದರೆ ಬೆಳಕು 16 ಶೇಕಡ ಇಳಿಯುತ್ತದೆ, 10 ಶೇಕಡ ಇಳಿದರೆ 30 ಶೇಕಡ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8 ವೋಲ್ಟ್, ಉರಿಯುತ್ತಿರುವ ಬಲ್ಬಿನ ಪಿನ್ನಿನ ಹಿಂದೆ 12.4 ವೋಲ್ಟ್ ಎಂದು ಮಲ್ಟಿಮೀಟರ್ ತೋರಿಸುವ ಕಾರುಗಳು ಅಪರೂಪವಲ್ಲ. ಅಂಥ ಕಾರಿನಲ್ಲಿ ಕಳೆದುಹೋಗಿದ್ದ ಬೆಳಕು ವೈರು ಬದಲಾದೊಡನೆ ಮರಳುತ್ತದೆ, ಎದುರಿನವರಿಗೂ ತೊಂದರೆಯಿಲ್ಲ. ಆಮೇಲೂ ಬ್ಯಾಲಸ್ಟ್ ಬೇಕೆನಿಸಿದರೆ ಅದಕ್ಕೆ ಬೇಕಾದ ವೈರಿಂಗ್ ಹೇಗೂ ಸಿದ್ಧವಿರುತ್ತದೆ. ಯಾವ ದಾರಿ ಹಿಡಿದರೂ ಕಂಪನಿಯ ಕಪ್ಲರನ್ನು ಕತ್ತರಿಸಬಾರದು. ಅದಕ್ಕೆ ಹೊಂದುವ ಎದುರು ಕಪ್ಲರು ಕೆಲವೇ ರೂಪಾಯಿಗೆ ಸಿಗುತ್ತದೆ. ಕಾಯಿಲಿನ ಎರಡು ವೈರನ್ನು ಅದಕ್ಕೆ ಕ್ರಿಂಪ್ ಮಾಡಿ ಸಿಕ್ಕಿಸಿದರೆ, ನಾಳೆ ಕಾರು ಮಾರುವಾಗಲೋ ಎಫ್‌ಸಿಗೆ ಕೊಂಡೊಯ್ಯುವಾಗಲೋ ಎಲ್ಲವನ್ನೂ ಕಳಚಿ ಹಳೆಯ ಬಲ್ಬನ್ನು ಅದರ ಜಾಗದಲ್ಲಿ ಕೂರಿಸಲು ಸ್ಪ್ಯಾನರ್ ಒಂದಿದ್ದರೆ ಸಾಕು.